ನಿಮಗಿದು ಗೊತ್ತೇ? ಪೆಟ್ಟು ಬಿದ್ದ ಕ್ಷಣವೇ ಗಡಿಯಾರ ಓಡತೊಡಗುತ್ತದೆ!

ಕೆಲಸದ ಜಾಗದಲ್ಲಿ ಕೈಗೆ ಪೆಟ್ಟಾಯಿತು ಅನ್ನಿ. ನೀವೇನು ಮಾಡುತ್ತೀರಿ? "ಏನಿಲ್ಲ ಬಿಡಿ ಸಾರ್, ಸ್ವಲ್ಪ ತರಚಿದೆ" ಅನ್ನುತ್ತೀರಿ. ಬೆರಳಿಗೊಂದು ಬಟ್ಟೆ ಸುತ್ತಿ ಮತ್ತೆ ಮಷಿನ್ ಮುಂದೆ ಕೂರುತ್ತೀರಿ. ಆದರೆ ಆ ಕ್ಷಣದಿಂದಲೇ ಒಂದಲ್ಲ, ಹತ್ತಾರು ಗಡುವುಗಳು ಶುರುವಾಗಿರುತ್ತವೆ. ಕೆಲವು ಕಾನೂನಿನವು, ಕೆಲವು ನಿಮ್ಮ ಮೈಯದ್ದೇ. ಒಂದೊಂದೂ ಕೇಳಿದರೆ ಬೆರಗಾಗುತ್ತೀರಿ!

ಕಾರ್ಖಾನೆ ಅಪಘಾತವನ್ನು ವರದಿ ಮಾಡಲೇಬೇಕು ಎಂಬ ನಿಯಮ ಇಂಗ್ಲೆಂಡಿನಲ್ಲಿ ಬಂದದ್ದು 1844ರಲ್ಲಿ. ಯಾವ ಪೆಟ್ಟು ದೊಡ್ಡದು, ಯಾವುದು ಚಿಕ್ಕದು ಎಂದು ಅಳೆಯಲು ಅವರು ಹುಡುಕಿದ ಅಳತೆಗೋಲು ನೋಡಿ. ಪೆಟ್ಟಾದವರು ಮರುದಿನ ಬೆಳಿಗ್ಗೆ 9 ಗಂಟೆಯೊಳಗೆ ಕೆಲಸಕ್ಕೆ ಮರಳಲು ಆಗದಿದ್ದರೆ ಅದು ವರದಿ ಮಾಡಬೇಕಾದ ಅಪಘಾತ. ಅಷ್ಟೇ! ಗಾಯ ಎಷ್ಟು ಆಳ, ರಕ್ತ ಎಷ್ಟು ಹೋಯಿತು, ಯಾವುದೂ ಬೇಡ.

ವರದಿ ಹೋಗುತ್ತಿದ್ದದ್ದು ಯಾರಿಗೆ ಗೊತ್ತೇ? ಒಬ್ಬ ಡಾಕ್ಟರಿಗೆ, ಅದೂ 24 ಗಂಟೆಯೊಳಗೆ. "ಈ ಮಗುವಿಗೆ ಎಂಟು ವರ್ಷ ತುಂಬಿದೆ, ಗಿರಣಿಯಲ್ಲಿ ಕೆಲಸ ಮಾಡಬಹುದು" ಎಂದು ಚೀಟಿ ಬರೆದು ಕೊಡುತ್ತಿದ್ದವರೂ ಅದೇ ಡಾಕ್ಟರು. ಹೌದು, ಎಂಟು ವರ್ಷ!

ನಮ್ಮಲ್ಲಿ? 1948ರ ಕಾರ್ಖಾನೆ ಕಾಯ್ದೆ ಹಾಕಿದ ಗೆರೆ 48 ಗಂಟೆ. ಅಪಘಾತದ ನಂತರ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡಲು ಆಗದಿದ್ದರೆ ಸರ್ಕಾರಕ್ಕೆ ತಿಳಿಸಲೇಬೇಕು. ಆ ಹಳೆಯ ಕಾಯ್ದೆಯ ಜಾಗಕ್ಕೆ ಈಗ ಹೊಸ ಸಂಹಿತೆ ಬಂದಿದೆ, 2025ರ ನವೆಂಬರ್ 21ರಂದು ಜಾರಿಯಾಯಿತು. ಅದರಲ್ಲೂ ಅದೇ 48 ಗಂಟೆ ಕೂತಿದೆ. ಎಪ್ಪತ್ತೇಳು ವರ್ಷ ಕಳೆದರೂ ಒಂದು ಗಂಟೆ ಆಚೀಚೆ ಆಗಿಲ್ಲ!

ಬ್ರಿಟನ್ನಿನಲ್ಲಿ ಈಗ ಗೆರೆ ಇನ್ನೂ ದೂರ ಹೋಗಿದೆ. ಏಳು ದಿನಕ್ಕಿಂತ ಹೆಚ್ಚು ಕೆಲಸ ತಪ್ಪಿದರೆ ವರದಿ. 2012ರವರೆಗೆ ಅದು ಮೂರು ದಿನ ಇತ್ತು. ಮರುದಿನ ಬೆಳಿಗ್ಗೆ 9 ಗಂಟೆ ಎಂದು ಶುರುಮಾಡಿದ ದೇಶವೇ ಇದು!

ಗೆರೆ ಅಂದಮೇಲೆ ಅದನ್ನು ತಪ್ಪಿಸುವ ದಾರಿಯೂ ಹುಟ್ಟುತ್ತದೆ ತಾನೇ? ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡವರನ್ನು ಕಾರಿನಲ್ಲಿ ಕರೆತಂದು, ಆಫೀಸಿನ ಕುರ್ಚಿಯಲ್ಲಿ ಕೂರಿಸಿ, ಹಾಜರಿ ಹಾಕಿಸುವ ಕಸರತ್ತು ಇದೆ. "ಕೆಲಸಕ್ಕೆ ಬಂದಿದ್ದಾರಲ್ಲ, ಮತ್ತೇನು ವರದಿ?" ಇದನ್ನು ಜಾಣತನ ಅನ್ನುವವರಿದ್ದಾರೆ. ನನಗಂತೂ ಹಾಗನ್ನಿಸುವುದಿಲ್ಲ.

ಈಗ ಇದನ್ನು ಕೇಳಿ, ಹುಬ್ಬೇರಿಸುತ್ತೀರಿ. 1923ರಲ್ಲಿ ಭಾರತದಲ್ಲಿ ಎರಡು ಕಾಯ್ದೆ ಬಂದವು. ಒಂದು ಬಾಯ್ಲರ್‌ಗಳದ್ದು, ಇನ್ನೊಂದು ಕೆಲಸಗಾರರ ಪರಿಹಾರದ್ದು. ಬಾಯ್ಲರ್‌ಗೆ ಅಪಘಾತವಾದರೆ ಇನ್‌ಸ್ಪೆಕ್ಟರಿಗೆ 24 ಗಂಟೆಯೊಳಗೆ ಬರೆದು ತಿಳಿಸಬೇಕಿತ್ತು. ಕೆಲಸಗಾರ ಸತ್ತರೆ ಅಥವಾ ತೀವ್ರ ಗಾಯಗೊಂಡರೆ? ಪರಿಹಾರದ ಕಾಯ್ದೆಗೆ ಮುಂದೆ ಸೇರಿಸಿದ ಸೆಕ್ಷನ್ ಮಾಲೀಕರಿಗೆ ಕೊಟ್ಟ ಸಮಯ 7 ದಿನ! ಕಾರ್ಖಾನೆ ಕಾಯ್ದೆಯ ವರದಿ ಬೇರೆಯೇ ಇತ್ತು, ನಿಜ. ಆದರೂ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಬಾಯ್ಲರ್ ಆಗಿ ಹುಟ್ಟಬೇಕಿತ್ತು ಅನ್ನಿಸುತ್ತದೆ!

ಬೆಂಗಳೂರಿನಲ್ಲಿ ಕಾರ್ಖಾನೆ, ಬಾಯ್ಲರ್ ಎರಡನ್ನೂ ನೋಡಿಕೊಳ್ಳುವುದು ಒಂದೇ ಇಲಾಖೆ. ಹೆಸರು ಓದಲು ಒಂದು ಉಸಿರು ಬೇಕು: ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆ!

ಗಣಿಯೊಳಗೆ ಅಪಘಾತವಾದರೆ ಆ ಜಾಗವನ್ನೇ ಮುಟ್ಟುವಂತಿಲ್ಲ ಎಂದಿತು 1952ರ ಗಣಿ ಕಾಯ್ದೆ. ಜೀವ ಹೋದರೆ ಅಥವಾ ತೀವ್ರ ಗಾಯವಾದರೆ, ಇನ್‌ಸ್ಪೆಕ್ಟರ್ ಬರುವವರೆಗೂ ಕಲ್ಲು ಕಲ್ಲಿನ ಜಾಗದಲ್ಲೇ ಇರಬೇಕಿತ್ತು. ಕೋಲಾರದ ಚಿನ್ನದ ಗಣಿಗೂ ಅದೇ ನಿಯಮವಿತ್ತು, ಹಟ್ಟಿಗೂ ಅದೇ. ಇನ್‌ಸ್ಪೆಕ್ಟರ್ ಬರಲೇ ಇಲ್ಲ ಅಂದರೆ? ಅದಕ್ಕೂ ಗಡುವು ಇತ್ತು. 72 ಗಂಟೆ ಕಾದು ಕೆಲಸ ಶುರು ಮಾಡಬಹುದಿತ್ತು!

ರೈಲಿನ ವಿಚಾರ ಇನ್ನೂ ವಿಚಿತ್ರ. ದೊಡ್ಡ ರೈಲು ಅಪಘಾತವಾದರೆ ತನಿಖೆಗೆ ಬರುವ ರೈಲ್ವೆ ಸುರಕ್ಷತಾ ಆಯುಕ್ತರು ರೈಲ್ವೆ ಇಲಾಖೆಯವರೇ ಅಲ್ಲ. ಅವರಿರುವುದು ವಿಮಾನಯಾನ ಸಚಿವಾಲಯದ ಅಡಿಯಲ್ಲಿ! ತನ್ನ ತಪ್ಪನ್ನು ತಾನೇ ತೂಗಬಾರದು ಎಂದು ಹೀಗೆ ಮಾಡಿದ್ದಾರೆ. ದಕ್ಷಿಣ ವೃತ್ತದ ಆಯುಕ್ತರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ.

ಇನ್ನು ಮೈಯ ಗಡಿಯಾರಕ್ಕೆ ಬನ್ನಿ. ಇದು ಕಾನೂನಿಗಿಂತ ಕಟ್ಟುನಿಟ್ಟು.

ಪೇಂಟ್ ಹೊಡೆಯುವ ಗನ್, ಗ್ರೀಸ್ ಗನ್, ಹೈಡ್ರಾಲಿಕ್ ಪೈಪು. ಇವುಗಳಿಂದ ಚಿಮ್ಮಿದ ದ್ರವ ಬೆರಳಿಗೆ ತಾಗಿದರೆ ಕಾಣುವುದು ಸೂಜಿ ಚುಚ್ಚಿದಷ್ಟು ತೂತು. ಒಂದು ಹನಿ ರಕ್ತ, ಅಷ್ಟೇ. ಮೊದಮೊದಲು ನೋವೂ ಇರುವುದಿಲ್ಲ. ಆದರೆ ಒಳಗೆ ಆ ಎಣ್ಣೆಯೋ ಬಣ್ಣವೋ ಬೆರಳಿನ ಉದ್ದಕ್ಕೂ ನುಗ್ಗಿ, ಕೆಲವೊಮ್ಮೆ ಅಂಗೈಯನ್ನೂ ತಲುಪಿರುತ್ತದೆ. ಕೆಲವೇ ಗಂಟೆಗಳಲ್ಲಿ ಆಪರೇಷನ್ ಆಗದಿದ್ದರೆ ಬೆರಳನ್ನೇ ಕತ್ತರಿಸಬೇಕಾಗಿ ಬರಬಹುದು. ಇಷ್ಟು ಚಿಕ್ಕ ತೂತು, ಅಷ್ಟು ದೊಡ್ಡ ಅನಾಹುತ! "ಏನಿಲ್ಲ ಬಿಡಿ" ಎಂದು ಮನೆಗೆ ಹೋಗಿ ಅರಿಶಿನ ಮೆತ್ತಿಕೊಂಡು ಮಲಗುವವರು ಇಂಥವರೇ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಅನ್ನುತ್ತಾರಲ್ಲ, ಇಲ್ಲಿ ಅದು ಅಕ್ಷರಶಃ ನಿಜ.

ವೆಲ್ಡಿಂಗ್ ಮಾಡುವವರ ಕಣ್ಣಿಗೆ ಆರ್ಕ್ ಹೊಡೆದರೆ ಆಗ ಏನೂ ಗೊತ್ತಾಗುವುದಿಲ್ಲ. ಶಿಫ್ಟ್ ಮುಗಿಯುತ್ತದೆ. ಊಟ ಆಗುತ್ತದೆ. ಆರರಿಂದ ಹನ್ನೆರಡು ಗಂಟೆ ಕಳೆದು, ನಡುರಾತ್ರಿಯಲ್ಲಿ ಕಣ್ಣಿಗೆ ಯಾರೋ ಹಿಡಿ ಮರಳು ಎರಚಿದಂತೆ ಉರಿ! ಪೆಟ್ಟು ಬಿದ್ದದ್ದು ಕಾರ್ಖಾನೆಯಲ್ಲಿ, ಕೂಗು ಕೇಳುವುದು ಮನೆಯಲ್ಲಿ. ಬೆಳಿಗ್ಗೆ ಹೋಗಿ ಹೇಳಿದರೆ "ನಿನ್ನೆ ಸರಿಯಾಗೇ ಇದ್ದೆಯಲ್ಲ?" ಎಂಬ ಪ್ರಶ್ನೆ ಬೇರೆ.

ಸೋಮವಾರವೇ ಬರುವ ಕಾಯಿಲೆ ಕೇಳಿದ್ದೀರಾ? ಸತುವಿನ ಲೇಪ ಇರುವ ಕಬ್ಬಿಣವನ್ನು ವೆಲ್ಡ್ ಮಾಡಿದಾಗ ಏಳುವ ಹೊಗೆ ಕುಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿ ಜ್ವರ ಬರುತ್ತದೆ. ವಾರವಿಡೀ ಕುಡಿದರೆ ಮೈ ಒಗ್ಗಿಕೊಳ್ಳುತ್ತದೆ. ಭಾನುವಾರ ರಜೆ ಸಿಕ್ಕಿದರೆ ಮೈ ಮರೆತುಬಿಡುತ್ತದೆ. ಸೋಮವಾರ ಮತ್ತೆ ಜ್ವರ! ಹತ್ತಿ ಗಿರಣಿಯ ಧೂಳು ಕುಡಿದವರಿಗೂ ಹೀಗೇ, ವಾರದ ಮೊದಲ ದಿನವೇ ಎದೆ ಬಿಗಿಯುತ್ತದೆ. ದಾವಣಗೆರೆಯಂಥ ಗಿರಣಿ ಊರುಗಳ ಕೆಲಸಗಾರರನ್ನು ಕಾಡಬಲ್ಲ ಈ ಎರಡನೆಯ ಕಾಯಿಲೆ 1948ರ ಕಾಯ್ದೆಯ ವರದಿ ಪಟ್ಟಿಯಲ್ಲೂ ಇತ್ತು. ಸೋಮವಾರದ ರಜೆ ಚೀಟಿ ಎಲ್ಲವೂ ಸೋಮಾರಿತನವಲ್ಲ ಸ್ವಾಮಿ!

ಆ ಪಟ್ಟಿಯ ಕಾಯಿಲೆ ಕಂಡರೆ ಡಾಕ್ಟರೂ ಸುಮ್ಮನಿರುವಂತಿರಲಿಲ್ಲ. ತಡಮಾಡದೆ ಮುಖ್ಯ ಇನ್‌ಸ್ಪೆಕ್ಟರಿಗೆ ಬರೆಯಬೇಕಿತ್ತು. ಬರೆಯದಿದ್ದರೆ 1000 ರೂಪಾಯಿವರೆಗೆ ದಂಡ. ಬರೆದದ್ದು ನಿಜವಾದರೆ? ಡಾಕ್ಟರಿಗೆ ಸರ್ಕಾರದಿಂದ ಶುಲ್ಕ! ಆ ದುಡ್ಡನ್ನು ಆಮೇಲೆ ಕಾರ್ಖಾನೆಯವರಿಂದಲೇ ವಸೂಲಿ ಮಾಡಬಹುದಿತ್ತು, ಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ. ಯಾರು ಬರೆದರೋ ಆ ಕಾನೂನು, ತುಂಟರು ಅನ್ನಿಸುತ್ತದೆ.

ಆಸ್ಪತ್ರೆಯ ನರ್ಸಮ್ಮನವರಿಗೆ ರೋಗಿಗೆ ಚುಚ್ಚಿದ ಸೂಜಿ ತಗುಲಿದರೆ ಗಡುವು ಎಷ್ಟು? ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರುವಾದರೆ ಅತ್ಯುತ್ತಮ. 72 ಗಂಟೆ ದಾಟಿದರೆ ಕೊಡುವುದೇ ಇಲ್ಲ. ಶುರುವಾದರೆ 28 ದಿನ ಬಿಡದೆ ನುಂಗಬೇಕು. ಇನ್ನೊಂದು ಸೋಜಿಗ: ಚುಚ್ಚಿದ ಬೆರಳನ್ನು ಬಾಯಿಗೆ ಇಟ್ಟುಕೊಳ್ಳಬಾರದು, ಹಿಂಡಿ ರಕ್ತ ತೆಗೆಯಲೂ ಬಾರದು. ನಾವೆಲ್ಲ ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು ಅದನ್ನೇ! ಸೋಪು, ನೀರು, ಆಮೇಲೆ ಓಡಿಹೋಗಿ ಹೇಳುವುದು. ಅಷ್ಟೇ.

ಪ್ರೆಸ್ಸಿಗೆ ಸಿಕ್ಕಿ ಬೆರಳು ತುಂಡಾಗಿ ಬಿದ್ದರೆ ಅದನ್ನು ನೇರ ಐಸಿನ ಮೇಲೆ ಇಡಬಾರದು ಗೊತ್ತೇ? ಒದ್ದೆ ಮಾಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸಿನಲ್ಲಿ ಇಡಬೇಕು. ಹೀಗೆ ತಂಪಾಗಿ ಇಟ್ಟರೆ ಬೆರಳಿಗೆ ಸಿಗುವ ಸಮಯ ಹೆಚ್ಚುತ್ತದೆ. ಮಾಂಸಖಂಡ ತುಂಬಿದ ತೋಳು ಅಷ್ಟು ಹೊತ್ತು ಕಾಯುವುದಿಲ್ಲ. ಚಿಕ್ಕ ಬೆರಳಿಗೆ ದೊಡ್ಡ ತೋಳಿಗಿಂತ ತಾಳ್ಮೆ ಜಾಸ್ತಿ!

ಬೆರಳಿನ ಮಾತು ಬಂತು, ಅದರ ಬೆಲೆಯನ್ನೂ ನೋಡಿಬಿಡೋಣ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಮೈಯ ಒಂದೊಂದು ಭಾಗಕ್ಕೂ ಶೇಕಡಾವಾರು ಲೆಕ್ಕ ಇತ್ತು. ದುಡಿಯುವ ಶಕ್ತಿಯಲ್ಲಿ ಎಷ್ಟು ಹೋಯಿತು ಎಂಬ ಲೆಕ್ಕ. ಹೆಬ್ಬೆರಳು ಪೂರ್ತಿ ಹೋದರೆ 30. ತೋರುಬೆರಳು 14. ನಡುಬೆರಳು 12. ಉಂಗುರದ ಬೆರಳು ಅಥವಾ ಕಿರುಬೆರಳು 7. ಮೂಳೆ ಉಳಿದು ಕಿರುಬೆರಳಿನ ತುದಿ ಮಾತ್ರ ಹಾರಿದರೆ 2. ಒಂದು ಕಣ್ಣು ಹೋಗಿ ಇನ್ನೊಂದು ಸರಿ ಇದ್ದರೆ 40. ಕೂತು ಓದುತ್ತಿದ್ದರೆ ನಮ್ಮ ಬೆರಳುಗಳನ್ನು ನಾವೇ ಮುಟ್ಟಿ ನೋಡಿಕೊಳ್ಳುತ್ತೇವೆ!

ಇಂಥ ಪಟ್ಟಿಯನ್ನು ಕಡಲ್ಗಳ್ಳರೂ ಮಾಡಿದ್ದರು. ನಂಬಿ! ಎಕ್ಸ್‌ಕ್ವೆಮೆಲಿನ್ ಎಂಬಾತ ಕೆರಿಬಿಯನ್ ಕಡಲ್ಗಳ್ಳರ ಜೊತೆಯೇ ಇದ್ದು, 1678ರಲ್ಲಿ ಡಚ್ ಭಾಷೆಯಲ್ಲಿ ಪುಸ್ತಕ ತಂದ. ಹಡಗು ಹೊರಡುವ ಮೊದಲೇ ಒಪ್ಪಂದ ಆಗುತ್ತಿತ್ತಂತೆ. ಬಲಗೈ ಹೋದರೆ 600 ಬೆಳ್ಳಿ ನಾಣ್ಯ. ಎಡಗೈ 500. ಬಲಗಾಲು 500, ಎಡಗಾಲು 400. ಕಣ್ಣಿಗೂ ಬೆರಳಿಗೂ ಒಂದೇ ರೇಟು, ತಲಾ 100. ನಮ್ಮ ಪಟ್ಟಿಯಲ್ಲಿ ಕಣ್ಣು ಹೆಬ್ಬೆರಳಿಗಿಂತ ಮೇಲೆ, ಅವರಲ್ಲಿ ಎರಡೂ ಸಮ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ದರೋಡೆ ಮುಂದುವರಿಸಬಹುದು ಎಂಬ ಲೆಕ್ಕವೋ ಏನೋ!

ಪರಿಹಾರ ಕೇಳಬೇಕಾದರೆ ಮೊದಲು ಮಾಲೀಕರಿಗೆ ಸೂಚನೆ ಕೊಡಬೇಕು, ನಿಜ. ಕೊಡದೇ ಇದ್ದರೆ ಎಲ್ಲಾ ಮುಗಿಯಿತೇ? ಇಲ್ಲ! ಅಪಘಾತದ ವಿಷಯ ಬೇರೆ ಯಾವುದೋ ದಾರಿಯಿಂದ ಮಾಲೀಕರಿಗೆ ಗೊತ್ತಾಗಿದ್ದರೆ, ಸೂಚನೆ ಕೊಟ್ಟಿಲ್ಲ ಎಂಬ ನೆಪ ನಡೆಯದು ಎಂದು 1923ರ ಅದೇ ಪರಿಹಾರ ಕಾಯ್ದೆ ಹೇಳಿತು.

ಇಎಸ್‌ಐ ಕಾರ್ಡ್ ಇದ್ದವರಿಗೆ ಇನ್ನೂ ಸುಲಭ. ಪೆಟ್ಟಾದದ್ದನ್ನು ಬರೆದೇ ಕೊಡಬೇಕೆಂದಿಲ್ಲ, ಬಾಯಲ್ಲಿ ಹೇಳಿದರೂ ಸಾಕು. ನೀವೇ ಹೇಳಬೇಕೆಂದೂ ಇಲ್ಲ, ನಿಮ್ಮ ಪರವಾಗಿ ಪಕ್ಕದ ಮಷಿನ್ನಿನವರು ಹೇಳಿದರೂ ಆದೀತು. ಹೇಳಿದ್ದು ಆಕ್ಸಿಡೆಂಟ್ ಬುಕ್ಕಿನಲ್ಲಿ ಏರಬೇಕು. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿದ್ದರೂ, ಕೆಲಸಕ್ಕೂ ಆ ದಾರಿಗೂ ನಂಟು ಇದ್ದರೆ, ಅದು ಕೆಲಸದ ಪೆಟ್ಟೇ. ಈ ಕೊನೆಯದು ಕಾನೂನಿಗೆ ಸೇರಿದ್ದು 2010ರಲ್ಲಿ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವವರನ್ನು ಕೇಳಿ, ಒಂದು ವಿಚಿತ್ರ ವಹಿಯ ಬಗ್ಗೆ ಹೇಳುತ್ತಾರೆ. ಮುರಿದ ಸೂಜಿಯ ರಿಜಿಸ್ಟರ್! ಹೊಲಿಯುವಾಗ ಸೂಜಿ ಮುರಿದರೆ ಮಷಿನ್ ನಿಲ್ಲಬೇಕು. ಟೈಲರ್ ಸೂಪರ್‌ವೈಸರನ್ನು ಕರೆಯಬೇಕು. ನೆಲ, ಟೇಬಲ್ಲು, ಬಟ್ಟೆಯ ಮಡಿಕೆ ಎಲ್ಲಾ ತಡಕಿ, ಸಿಕ್ಕ ಚೂರುಗಳನ್ನು ಜೋಡಿಸಿ ಸೆಲ್ಲೋಟೇಪಿನಿಂದ ಪುಸ್ತಕಕ್ಕೆ ಅಂಟಿಸುತ್ತಾರೆ. ಪಕ್ಕದಲ್ಲಿ ತಾರೀಖು, ಲೈನ್ ನಂಬರು, ಮಷಿನ್ ನಂಬರು, ಸಹಿ. ಹಳೆಯದು ಪೂರ್ತಿ ಸಿಕ್ಕರೆ ಹೊಸ ಸೂಜಿ. ತುದಿಯ ಒಂದು ಚೂರು ಸಿಗದಿದ್ದರೆ ಬಟ್ಟೆಗಳೆಲ್ಲ ಸೂಜಿ ಹಿಡಿಯುವ ಯಂತ್ರದೊಳಗೆ ಹೋಗಿ ಬರಬೇಕು. ಯಾಕಿಷ್ಟು? ದೂರದ ಯಾವುದೋ ದೇಶದ ಮಗುವಿನ ಅಂಗಿಯಲ್ಲಿ ಚೂರು ಉಳಿಯಬಾರದು ಎಂದು. ಒಳ್ಳೆಯದೇ. ಆದರೆ ಅದೇ ಸೂಜಿ ಟೈಲರಮ್ಮನ ಬೆರಳಿನೊಳಗೆ ಹೊಕ್ಕು ಬಂದಿದ್ದರೆ, ಆ ಬೆರಳಿಗೂ ಅಷ್ಟೇ ಅಚ್ಚುಕಟ್ಟಾದ ಸಾಲೊಂದು ಇನ್ನೊಂದು ಪುಸ್ತಕದಲ್ಲಿ ಬಿತ್ತೇ? ಕೇಳಿ ನೋಡಿ!

ಅಮೆರಿಕದಲ್ಲಿ ಸಾವಾದರೆ 8 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. ಅಂಗ ತುಂಡಾದರೆ, ಕಣ್ಣು ಹೋದರೆ, ಆಸ್ಪತ್ರೆಗೆ ಸೇರಿಸಿದರೆ 24 ಗಂಟೆ. ಸಣ್ಣಪುಟ್ಟ ಗಾಯಕ್ಕೆ ಅವರದ್ದು ಮಜಾ ಲೆಕ್ಕ. ಬ್ಯಾಂಡೇಜ್ ಅಂಟಿಸಿದರೆ ಅದು ಪ್ರಥಮ ಚಿಕಿತ್ಸೆ, ದಾಖಲೆ ಬೇಡ. ಹೊಲಿಗೆ ಹಾಕಿದರೆ ದಾಖಲೆ ಬೇಕು. ಗಾಯ ಅದೇ, ಡಾಕ್ಟರು ದಾರ ಕೈಗೆತ್ತಿಕೊಂಡರೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ!

ಆಫೀಸಿನಲ್ಲಿ ಕೂತು ತಿನ್ನುವಾಗ ಮನೆಯಿಂದ ತಂದ ಸ್ಯಾಂಡ್‌ವಿಚ್ ಗಂಟಲಿಗೆ ಸಿಕ್ಕಿಕೊಂಡರೆ? ಅದು ಕೆಲಸದ ಅಪಘಾತ ಅಲ್ಲ ಎಂದು ಅಮೆರಿಕದ ನಿಯಮ ಸ್ಪಷ್ಟವಾಗಿ, ಸ್ಯಾಂಡ್‌ವಿಚ್ ಎಂದು ಹೆಸರು ಹಿಡಿದೇ ಹೇಳುತ್ತದೆ! ಆದರೆ ಕಂಪನಿಯೇ ಕೊಟ್ಟ ಊಟದಿಂದ ಹೊಟ್ಟೆ ಕೆಟ್ಟರೆ ಲೆಕ್ಕಕ್ಕೆ ಬರುತ್ತದೆ. ನೆಗಡಿ ಬಂದರೆ ಅದೂ ಇಲ್ಲ.

ವರ್ಷವಿಡೀ ಎಷ್ಟು ಜನಕ್ಕೆ ಪೆಟ್ಟಾಯಿತು ಎಂಬ ಒಟ್ಟು ಲೆಕ್ಕವನ್ನು ಅಲ್ಲಿನ ಮಾಲೀಕರು ಫೆಬ್ರುವರಿ 1ರಿಂದ ಏಪ್ರಿಲ್ 30ರವರೆಗೆ ಎಲ್ಲರಿಗೂ ಕಾಣುವಂತೆ ಗೋಡೆಗೆ ಅಂಟಿಸಬೇಕು. ಮೂರು ತಿಂಗಳು! ಪರೀಕ್ಷೆಯ ಫಲಿತಾಂಶವೂ ಅಷ್ಟು ದಿನ ನೋಟಿಸ್ ಬೋರ್ಡಿನಲ್ಲಿ ಇರುವುದಿಲ್ಲ.

"ಇಷ್ಟು ದಿನ ಅಪಘಾತವಿಲ್ಲ, ಎಲ್ಲರಿಗೂ ಬಹುಮಾನ" ಎಂಬ ಬೋರ್ಡು ಹಲವು ಕಡೆ ಇರುತ್ತದೆ. ಅದರಿಂದ ಏನಾಗುತ್ತದೆ ಗೊತ್ತೇ? ಬೆರಳು ಕುಯ್ದುಕೊಂಡವರು ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿ ಗೇಟು ದಾಟುತ್ತಾರೆ. ತನ್ನಿಂದ ಇಡೀ ಲೈನಿನ ಬಹುಮಾನ ತಪ್ಪಬಾರದಲ್ಲ! ಅಮೆರಿಕದಲ್ಲಿ ಇದಕ್ಕೆ 'ರಕ್ತದ ಜೇಬು' ಎಂಬ ಹೆಸರೇ ಇದೆ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕಟ್ಟೆಗೆ ದೊಡ್ಡ ಸಾಹೇಬರುಗಳು ಬಂದಿದ್ದರು. ಏಳು ವರ್ಷ ಯಾರಿಗೂ ಕೆಲಸ ತಪ್ಪುವಂಥ ಪೆಟ್ಟಾಗಿಲ್ಲ ಎಂದು ಅಭಿನಂದಿಸುವುದೂ ಆ ಭೇಟಿಯ ಒಂದು ಉದ್ದೇಶ. ಅದೇ ರಾತ್ರಿ ಕಟ್ಟೆ ಸ್ಫೋಟಿಸಿತು. 11 ಜನ ಸತ್ತರು.

ಇದಕ್ಕೆ ಉಲ್ಟಾ ಹೊಡೆದವರು ಪಾಲ್ ಓನೀಲ್. 1987ರಲ್ಲಿ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾದರು. ಹೂಡಿಕೆದಾರರ ಮುಂದೆ ಮೊದಲ ಭಾಷಣ. ಎಲ್ಲರೂ ಲಾಭದ ಮಾತು ಕೇಳಲು ಕಿವಿ ನೆಟ್ಟಗೆ ಮಾಡಿ ಕೂತಿದ್ದರು. ಇವರು ಕೆಲಸಗಾರರ ಸುರಕ್ಷತೆ ಎಂದು ಶುರು ಮಾಡಿ, ಬೆಂಕಿ ಬಿದ್ದರೆ ಈ ಹಾಲಿನಿಂದ ಹೊರಗೆ ಹೋಗುವ ಬಾಗಿಲು ಎಲ್ಲಿದೆ ಎಂದು ತೋರಿಸಿದರು! ಒಬ್ಬರಂತೂ ಹೊರಗೆ ಓಡಿ ತಮ್ಮ ಗಿರಾಕಿಗಳಿಗೆ ಫೋನು ಮಾಡಿ ಷೇರು ಮಾರಿಬಿಡಿ ಎಂದರಂತೆ. ಓನೀಲ್ ಹಾಕಿದ ನಿಯಮ ಒಂದೇ ಸಾಲಿನದು. ಯಾರಿಗೇ ಪೆಟ್ಟಾಗಲಿ, ಆ ವಿಭಾಗದ ಅಧ್ಯಕ್ಷರೇ 24 ಗಂಟೆಯೊಳಗೆ ನನಗೆ ಹೇಳಬೇಕು, ಮತ್ತೆ ಹಾಗಾಗದಂತೆ ಏನು ಮಾಡುತ್ತೀರಿ ಎಂಬುದನ್ನೂ ಹೇಳಬೇಕು. ಅಧ್ಯಕ್ಷರಿಗೆ 24 ಗಂಟೆಯಲ್ಲಿ ಗೊತ್ತಾಗಬೇಕಾದರೆ ಮ್ಯಾನೇಜರಿಗೆ ಮೊದಲೇ ಗೊತ್ತಾಗಬೇಕು. ಮ್ಯಾನೇಜರಿಗೆ ಗೊತ್ತಾಗಬೇಕಾದರೆ ಮೇಸ್ತ್ರಿ ಕೂಡಲೇ ಬಾಯಿ ಬಿಡಬೇಕು. ಕಂಪನಿಯ ಗಾಳಿಯೇ ಬದಲಾಯಿತು. 1996ರಲ್ಲಿ ಮೆಕ್ಸಿಕೋದ ಘಟಕವೊಂದರಲ್ಲಿ ವಿಷಗಾಳಿಯಿಂದ ಕೆಲಸಗಾರರು ಅಸ್ವಸ್ಥರಾದ ಸುದ್ದಿಯನ್ನು ಮೇಲಕ್ಕೆ ಮುಟ್ಟಿಸಿರಲಿಲ್ಲ ಎಂದು ಕಂಪನಿಯ ದೊಡ್ಡ ಅಧಿಕಾರಿಯೊಬ್ಬರ ಕೆಲಸವೇ ಹೋಯಿತು! ಷೇರು ಮಾರಿದವರು? ಪಾಪ, ಕೈ ಕೈ ಹಿಸುಕಿಕೊಂಡಿರಬೇಕು. ಓನೀಲ್ ನಿವೃತ್ತರಾಗುವ ಹೊತ್ತಿಗೆ ಕಂಪನಿಯ ಲಾಭ ಹಲವು ಪಟ್ಟು ಏರಿತ್ತು.

ಪೆಟ್ಟೇ ಆಗದ ಅಪಘಾತವನ್ನೂ ವರದಿ ಮಾಡುವವರಿದ್ದಾರೆ. ವಿಮಾನದವರು! 1974ರ ಡಿಸೆಂಬರ್ 1ರಂದು ಅಮೆರಿಕದ ವರ್ಜೀನಿಯಾದಲ್ಲಿ ಟಿಡಬ್ಲ್ಯುಎ ವಿಮಾನವೊಂದು ಗುಡ್ಡಕ್ಕೆ ಬಡಿದು 92 ಜನ ಸತ್ತರು. ಆರು ವಾರಗಳ ಹಿಂದೆ ಅದೇ ಗುಡ್ಡಕ್ಕೆ ಇನ್ನೊಂದು ಕಂಪನಿಯ ವಿಮಾನ ಬಡಿಯುವುದು ಸ್ವಲ್ಪದರಲ್ಲಿ ತಪ್ಪಿತ್ತು. ಆ ಪೈಲಟ್ ಹೇಳಿದ್ದರು. ಅವರ ಕಂಪನಿ ತನ್ನ ಪೈಲಟ್‌ಗಳನ್ನು ಎಚ್ಚರಿಸಿಯೂ ಇತ್ತು. ಪಕ್ಕದ ಕಂಪನಿಗೆ ಮಾತ್ರ ಸುದ್ದಿ ಮುಟ್ಟಲಿಲ್ಲ!

ಅದರಿಂದ 1976ರಲ್ಲಿ ಹುಟ್ಟಿದ್ದು ಒಂದು ವರದಿ ವ್ಯವಸ್ಥೆ. ನಡೆಸುವವರು ವಿಮಾನಯಾನದ ಪೊಲೀಸರಲ್ಲ, ರಾಕೆಟ್ ಬಿಡುವ ನಾಸಾ! ಪೈಲಟ್ ತಾನು ಮಾಡಿದ ಎಡವಟ್ಟನ್ನು ಬರೆದು ಕಳಿಸುತ್ತಾನೆ. ನಾಸಾದವರು ಅವನ ಹೆಸರಿರುವ ಪಟ್ಟಿಯನ್ನು ಕತ್ತರಿಸಿ, ತಾರೀಖಿನ ಮುದ್ರೆ ಒತ್ತಿ, ಅವನಿಗೇ ವಾಪಸ್ ಕಳಿಸುತ್ತಾರೆ. ಉಳಿಯುವುದು ಎಡವಟ್ಟು ಮಾತ್ರ, ಮಾಡಿದವನಲ್ಲ. ಬೇಕೆಂದೇ ಮಾಡಿದ್ದಲ್ಲದಿದ್ದರೆ, 10 ದಿನದೊಳಗೆ ಬರೆದವರಿಗೆ ದಂಡನೆಯಿಂದ ರಿಯಾಯಿತಿಯೂ ಉಂಟು. ಬಂದ ವರದಿಗಳು ಇಪ್ಪತ್ತು ಲಕ್ಷ ದಾಟಿವೆ. ಬೈಯದಿದ್ದರೆ ಜನ ಎಷ್ಟು ಮಾತಾಡುತ್ತಾರೆ ನೋಡಿ!

ಜಪಾನಿನಲ್ಲಿ ಅಪಘಾತ ಮುಚ್ಚಿಡುವುದು ಅಪರಾಧ ಎಂದು ಸರ್ಕಾರವೇ ಪೋಸ್ಟರ್ ಹಚ್ಚುತ್ತದೆ. ದಂಡ ಐದು ಲಕ್ಷ ಯೆನ್‌ವರೆಗೆ.

ಜರ್ಮನಿಯದ್ದು ಕೇಳಿದರೆ ನಗುತ್ತೀರಿ. ಅಲ್ಲಿ ಕೆಲಸಕ್ಕೆ ಹೋಗುವ ದಾರಿಯ ಪೆಟ್ಟೂ ವಿಮೆಗೆ ಸೇರುತ್ತದೆ. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಬ್ಬರು ಬೆಳಿಗ್ಗೆ ಹಾಸಿಗೆಯಿಂದ ಎದ್ದು, ಕೆಳಗಿನ ಮಹಡಿಯ ತಮ್ಮ ಆಫೀಸ್ ಕೋಣೆಗೆ ಸುರುಳಿ ಮೆಟ್ಟಿಲಲ್ಲಿ ಇಳಿಯುವಾಗ ಜಾರಿ ಬಿದ್ದು ಬೆನ್ನಿನ ಮೂಳೆ ಮುರಿದುಕೊಂಡರು. ವಿಮೆಯವರು ಆಗುವುದಿಲ್ಲ ಅಂದರು. ಕೇಸು ದೊಡ್ಡ ಕೋರ್ಟಿನವರೆಗೂ ಹೋಯಿತು. 2021ರ ಡಿಸೆಂಬರ್‌ನಲ್ಲಿ ತೀರ್ಪು ಬಂತು: ಹಾಸಿಗೆಯಿಂದ ಮೇಜಿಗೆ ಹೋಗುವುದೂ ಕೆಲಸಕ್ಕೆ ಹೋಗುವ ದಾರಿಯೇ! ಅವರು ಸಾಮಾನ್ಯವಾಗಿ ತಿಂಡಿಯನ್ನೂ ತಿನ್ನದೆ ನೇರ ಕೆಲಸಕ್ಕೆ ಕೂರುತ್ತಿದ್ದರಂತೆ. ಕೋರ್ಟು ಅದನ್ನೂ ಗಮನಿಸಿ ಬರೆದುಕೊಂಡಿತು!